ಮಲ್ಪೆಯ ಮೀನಿನ ಸ್ಲಿಪ್‌ನಿಂದ ಟೇಬಲ್‌ವರೆಗೆ: ಜೇಸನ್ ಕಾಲಮ್ ಬಿಡಿಸುವ ಬಗೆ

ಮಲ್ಪೆ ಬಂದರಲ್ಲೋ ಮಂಗಳೂರಿನ ದಕ್ಕೆಯಲ್ಲೋ ಬೋಟ್ ಲೆಕ್ಕ ಇಡುವ ಒಂದು ಆ್ಯಪ್ ಇದೆ ಅಂದುಕೊಳ್ಳಿ. ಬೋಟ್ ದಡಕ್ಕೆ ಬಂದಾಗ ಒಂದು ಸ್ಲಿಪ್ ಹಾಕುತ್ತಾರೆ. ಯಾವ ಮೀನು ಎಷ್ಟು ಸಿಕ್ಕಿತು, ದರ ಎಷ್ಟು, ಡೀಸೆಲ್ ಎಷ್ಟು, ಐಸ್ ಎಷ್ಟು, ಎಲ್ಲ ಅದರಲ್ಲೇ. ಆ್ಯಪ್ ಬರೆದವರು ಟೇಬಲ್‌ನಲ್ಲಿ ಮೂರೇ ಕಾಲಮ್ ಮಾಡಿ ಕೈತೊಳೆದುಕೊಂಡಿದ್ದಾರೆ: ಐಡಿ, ದಿನಾಂಕ, ವಿವರ. ಆ 'ವಿವರ' ಅನ್ನೋದು ಜೇಸನ್ (JSON), ಅಂದರೆ ಮಾಹಿತಿಯನ್ನು ಹೆಸರು-ಮೌಲ್ಯ ಜೋಡಿಗಳಾಗಿ ಬರೆದಿಡುವ ಒಂದು ಬಗೆ. ಒಂದು ಸ್ಲಿಪ್ ಹೀಗಿರುತ್ತದೆ, ಅಂಕಿಗಳು ಸುಮ್ನೆ ಉದಾಹರಣೆಗೆ:

{"ಬೋಟ್": "ಟ್ರಾಲ್", "ಡೀಸೆಲ್": 60000, "ಮೀನು": [{"ಹೆಸರು": "ಬಂಗುಡೆ", "ಕೆಜಿ": 420, "ದರ": 140}, {"ಹೆಸರು": "ಬೊಂಡಾಸ್", "ಕೆಜಿ": "೩೫", "ದರ": 300}]}

ಒಂದೊಂದೇ ಸ್ಲಿಪ್ ತೆರೆದು ನೋಡುವವರೆಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಸೀಸನ್ ಮುಗಿದ ಮೇಲೆ ಲೆಕ್ಕದವರು ಬಂದು "ಬಂಗುಡೆ ಒಟ್ಟು ಎಷ್ಟು ಕೆಜಿ, ಯಾವ ತಿಂಗಳು ಜಾಸ್ತಿ?" ಅಂತ ಕೇಳುತ್ತಾರೆ ನೋಡಿ, ಆಗ ಈ ಜೇಸನ್ ಬಿಡಿಸಲೇಬೇಕು.

ನಾನು ಇಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಹಿಡಿದು ಹೇಳುತ್ತೇನೆ. ಕಮಾಂಡ್ ಮತ್ತು ಫಂಕ್ಷನ್ ಹೆಸರುಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಟೇಬಲ್ ಮತ್ತು ಕಾಲಮ್ ಹೆಸರು ಮಾತ್ರ ಕನ್ನಡದಲ್ಲೇ ಇಟ್ಟರೂ ಪೋಸ್ಟ್‌ಗ್ರೆಸ್ ಗೊಣಗುವುದಿಲ್ಲ. ಒಂದು ಹೆಸರಿಗೆ 63 ಬೈಟ್ ಮಿತಿ ಇದೆ, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಹೋಗುತ್ತದೆ, ಹಾಗಾಗಿ ಉದ್ದುದ್ದ ಹೆಸರು ಬೇಡ.

ಮೊದಲು ಎಣಿಸಿ, ಆಮೇಲೆ ಬಿಡಿಸಿ

ಬಿಡಿಸುವ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಾಲ್ಕೈದು ಸಾಲು ಅಷ್ಟೆ. ಕಷ್ಟ ಇರುವುದು ಡೇಟಾ ಎಷ್ಟು ಬಗೆಯಲ್ಲಿ ಬಿದ್ದಿದೆ ಅನ್ನುವುದರಲ್ಲಿ. ಹತ್ತು ಸ್ಲಿಪ್ ಕಣ್ಣಲ್ಲಿ ನೋಡಿ "ಎಲ್ಲ ಹೀಗೇ ಇದೆ" ಅಂದುಕೊಂಡು ಕ್ವೆರಿ ಬರೆಯುವವರೇ ಜಾಸ್ತಿ. ಅದರ ಬದಲು ಡೇಟಾಬೇಸನ್ನೇ ಕೇಳಿ:

ಸೆಲೆಕ್ಟ್ ಕೀ, ಕೌಂಟ್(*)
ಫ್ರಮ್ ಸ್ಲಿಪ್, ಜೇಸನ್‌ಬಿ_ಆಬ್ಜೆಕ್ಟ್_ಕೀಸ್(ವಿವರ) ಆ್ಯಸ್ ಕೀ
ಗ್ರೂಪ್ ಬೈ ಕೀ ಆರ್ಡರ್ ಬೈ 2 ಡೆಸ್ಕ್;

ಯಾವ ಕೀ (ಜೋಡಿಯಲ್ಲಿ ಮೌಲ್ಯದ ಮುಂಚೆ ಬರುವ ಹೆಸರು) ಎಷ್ಟು ಸ್ಲಿಪ್‌ನಲ್ಲಿದೆ ಅಂತ ಬರುತ್ತದೆ. ಪಟ್ಟಿಯ ಕೊನೆಯಲ್ಲಿ 'ಡೀಸಲ್', 'ಡಿಸೇಲ್' ಅಂತ ಒಂದೆರಡು ಇಣುಕಿದರೆ ಆಶ್ಚರ್ಯ ಬೇಡ. ಕೀ ಹೆಸರನ್ನು ಕೈಯಲ್ಲಿ ಟೈಪ್ ಮಾಡಲು ಬಿಟ್ಟ ಆ್ಯಪ್‌ನಲ್ಲಿ ಅದು ಇದ್ದದ್ದೇ.

ಇದೇ ರೀತಿ ಜೇಸನ್‌ಬಿ_ಟೈಪ್‌ಆಫ್ ಫಂಕ್ಷನ್ ಹಾಕಿ 'ಮೀನು' ಅನ್ನೋದರ ಬಗೆ ಎಣಿಸಿ. ಬಹುಪಾಲು ಅರೇ (ಚೌಕ ಆವರಣದೊಳಗಿನ ಪಟ್ಟಿ) ಅಂತ ಬರುತ್ತದೆ. ಕೆಲವು ಕಡೆ ಆಬ್ಜೆಕ್ಟ್ (ಸುರುಳಿ ಆವರಣದೊಳಗಿನ ಜೋಡಿಗಳು) ಅಂತ ಬರಬಹುದು, ಒಂದೇ ಜಾತಿ ಮೀನು ಸಿಕ್ಕಿದ ದಿನ ಅರೇ ಮಾಡದೆ ನೇರ ಆಬ್ಜೆಕ್ಟ್ ಇಟ್ಟ ಹಳೇ ವರ್ಶನ್‌ನ ಕೃಪೆ. ಕೆಲವು ಕಡೆ ಏನೂ ಇಲ್ಲ. 'ಕೆಜಿ'ಗೂ ಇದೇ ಪರೀಕ್ಷೆ ಮಾಡಿ: ಎಷ್ಟು ನಂಬರ್, ಎಷ್ಟು ಸ್ಟ್ರಿಂಗ್? ಈ ಎಣಿಕೆಯನ್ನು ಒಂದು ಕಡೆ ಬರೆದಿಡಿ, ಮುಂದೆ ತಾಳೆ ನೋಡಲು ಬೇಕು.

ಕಾಲಮ್ ಜೇಸನ್‌ಬಿ (ಜೇಸನ್ ಇಡಲು ಪೋಸ್ಟ್‌ಗ್ರೆಸ್‌ನಲ್ಲಿರುವ ಒಂದು ಟೈಪ್) ಅಲ್ಲದೆ ಬರೀ ಟೆಕ್ಸ್ಟ್ ಆಗಿದ್ದರೆ ಮೊದಲು ಅದನ್ನು ಕಾಸ್ಟ್ ಮಾಡಬೇಕು, ಅಂದರೆ ಆ ಟೈಪ್‌ಗೆ ಬದಲಿಸಬೇಕು, ಒಂದೇ ಒಂದು ಸಾಲು ಕೆಟ್ಟಿದ್ದರೂ ಇಡೀ ಕ್ವೆರಿ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್ 16ರಿಂದ 'ಈಸ್ ಜೇಸನ್' ಅನ್ನುವ ಪರೀಕ್ಷೆ ಇದೆ, ಅದರಿಂದ ಕೆಟ್ಟ ಸಾಲುಗಳನ್ನು ಮೊದಲೇ ಬೇರೆ ಮಾಡಬಹುದು. ಇನ್ನೊಂದು ವಿಷಯ. ಜೇಸನ್‌ನಿಂದ ಜೇಸನ್‌ಬಿಗೆ ಬದಲಿಸುವಾಗ ಒಂದೇ ಕೀ ಎರಡು ಸಲ ಇದ್ದರೆ ಕೊನೆಯದ್ದು ಮಾತ್ರ ಉಳಿಯುತ್ತದೆ, ಮೊದಲನೆಯದ್ದು ಸದ್ದಿಲ್ಲದೆ ಮಾಯ, ಎರರ್ ಕೂಡ ಬರುವುದಿಲ್ಲ. ಅದಕ್ಕೇ ಮೂಲ ಕಾಲಮ್ ಅಳಿಸಬೇಡಿ.

ಒಂದು ಸಾಲು ಅಂದರೆ ಏನು?

ಹೊಸ ಟೇಬಲ್‌ನಲ್ಲಿ ಒಂದು ಸಾಲು ಯಾವುದಕ್ಕೆ ಅಂತ ಮೊದಲೇ ತೀರ್ಮಾನ ಮಾಡಿ. ನಮ್ಮದರಲ್ಲಿ ಒಂದು ಸ್ಲಿಪ್‌ನ ಒಂದು ಮೀನಿಗೆ ಒಂದು ಸಾಲು. ಬಿಡಿಸುವ ಕ್ವೆರಿ ಇದು:

ಸೆಲೆಕ್ಟ್ ಸ್ಲಿಪ್.ಐಡಿ, ಸಾಲು.ಕ್ರಮ,
  ಸಾಲು.ಮೌಲ್ಯ ->> 'ಹೆಸರು', ಸಾಲು.ಮೌಲ್ಯ ->> 'ಕೆಜಿ'
ಫ್ರಮ್ ಸ್ಲಿಪ್
ಲೆಫ್ಟ್ ಜಾಯಿನ್ ಲ್ಯಾಟರಲ್
  ಜೇಸನ್‌ಬಿ_ಅರೇ_ಎಲಿಮೆಂಟ್ಸ್(ವಿವರ -> 'ಮೀನು')
  ವಿತ್ ಆರ್ಡಿನಾಲಿಟಿ ಆ್ಯಸ್ ಸಾಲು(ಮೌಲ್ಯ, ಕ್ರಮ) ಆನ್ ಟ್ರೂ;

'ವಿತ್ ಆರ್ಡಿನಾಲಿಟಿ' ಹಾಕಿದರೆ ಆ ಮೀನು ಪಟ್ಟಿಯಲ್ಲಿ ಎಷ್ಟನೆಯದು ಅನ್ನುವ 'ಕ್ರಮ' ಸಿಗುತ್ತದೆ. ಬಾಣಕ್ಕೆ ಒಂದು ತಲೆ ಇದ್ದರೆ ಜೇಸನ್‌ಬಿ ಆಗಿಯೇ ಬರುತ್ತದೆ, ಎರಡು ತಲೆ ಇದ್ದರೆ ಟೆಕ್ಸ್ಟ್ ಆಗಿ ಬರುತ್ತದೆ. ಒಳಗೆ ಇಳಿಯುತ್ತಾ ಹೋಗುವಾಗ ಒಂದು, ಕೊನೆಗೆ ಮೌಲ್ಯ ತೆಗೆಯುವಾಗ ಎರಡು. ಹೆಸರಿನ ಸುತ್ತ ಕೊಟೇಶನ್ ಗುರುತು ಅಂಟಿಕೊಂಡು ಬಂದರೆ ಎರಡರ ಜಾಗದಲ್ಲಿ ಒಂದನ್ನು ಹಾಕಿದ್ದೀರಿ ಅಂತಲೇ ಅರ್ಥ. ಜೇಸನ್‌ನ ನಲ್ (ಮೌಲ್ಯವೇ ಇಲ್ಲ ಅನ್ನುವ ಗುರುತು) ಕೂಡ ಒಂಟಿ ಬಾಣದಲ್ಲಿ ತೆಗೆದರೆ ಡೇಟಾಬೇಸ್‌ನ ನಲ್ ಆಗುವುದಿಲ್ಲ, ಜೋಡಿ ಬಾಣದಲ್ಲಿ ಆಗುತ್ತದೆ.

ಲೆಫ್ಟ್ ಜಾಯಿನ್ ಯಾಕೆ ಅಂತೀರಾ? ಬರೀ ಕಾಮಾ ಹಾಕಿ ಬರೆದರೆ ಮೀನಿನ ಪಟ್ಟಿ ಖಾಲಿ ಇರುವ ಸ್ಲಿಪ್‌ಗಳು ಫಲಿತಾಂಶದಿಂದಲೇ ಬಿದ್ದುಹೋಗುತ್ತವೆ. ಬೋಟ್ ಬರಿಗೈಯಲ್ಲಿ ಬಂದ ದಿನವೂ ಡೀಸೆಲ್ ಸುಟ್ಟಿರುತ್ತದೆ ಅಲ್ವಾ, ಮಾಲೀಕರಿಗೆ ಆ ಟ್ರಿಪ್‌ಗಳ ಲೆಕ್ಕವೇ ಮುಖ್ಯ.

ಕೆಲವು ಸ್ಲಿಪ್‌ನಲ್ಲಿ 'ಮೀನು' ಆಬ್ಜೆಕ್ಟ್ ಆಗಿದ್ದರೆ ಈ ಕ್ವೆರಿ ಎರರ್ ಹೊಡೆಯುತ್ತದೆ. ವೇರ್ ಹಾಕಿ ಅರೇ ಇರುವುದನ್ನು ಮಾತ್ರ ಆರಿಸಿದರೆ ಸಾಕು ಅನ್ನಿಸಬಹುದು. ಆದರೆ ಯಾವುದು ಮೊದಲು ನಡೆಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಜೊತೆಗೆ ಆ ಆಬ್ಜೆಕ್ಟ್ ಸ್ಲಿಪ್‌ಗಳ ಮೀನು ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಫಂಕ್ಷನ್‌ನ ಒಳಗೇ ಕೇಸ್ ಬರೆಯಿರಿ: ಅರೇ ಆದರೆ ಹಾಗೇ ಕೊಡು, ಆಬ್ಜೆಕ್ಟ್ ಆದರೆ ಜೇಸನ್‌ಬಿ_ಬಿಲ್ಡ್_ಅರೇ ಒಳಗೆ ಹಾಕಿ ಕೊಡು, ಬೇರೆ ಏನೇ ಆದರೂ ಖಾಲಿ ಅರೇ.

ಡೀಸೆಲ್ ಇಲ್ಲಿಗೆ ತರಬೇಡಿ

ಇದು ಎಲ್ಲಕ್ಕಿಂತ ದುಬಾರಿ ಜಾಗ. ಬಿಡಿಸಿದ ಮೇಲೆ ಒಂದು ಸ್ಲಿಪ್ ಐದು ಸಾಲಾಗುತ್ತದೆ, ಪ್ರತಿ ಸಾಲಿನ ಪಕ್ಕದಲ್ಲೂ 'ಡೀಸೆಲ್' ಕಾಲಮ್ ಇಟ್ಟರೆ 60,000 ಐದು ಸಲ ಬರುತ್ತದೆ. ಯಾರೋ ಅದರ ಮೇಲೆ ಸಮ್ ಹಾಕುತ್ತಾರೆ, ಖರ್ಚು 3,00,000 ಆಗಿಬಿಡುತ್ತದೆ. ಎರರ್ ಬರಲ್ಲ, ಕೆಂಪು ಬಣ್ಣ ಬರಲ್ಲ, ಅಂಕಿ ಮಾತ್ರ ಸುಳ್ಳು. ಟ್ರಿಪ್‌ಗೆ ಒಂದೇ ಸಲ ಬರುವುದೆಲ್ಲ (ಡೀಸೆಲ್, ಐಸ್, ಬೋಟ್ ಬಗೆ) ಸ್ಲಿಪ್ ಟೇಬಲ್‌ನ ಕಾಲಮ್ ಆಗಲಿ, ಮೀನಿಗೊಂದು ಬರುವುದು ಮಾತ್ರ ಮೀನಿನ ಟೇಬಲ್‌ಗೆ ಹೋಗಲಿ. ಎರಡೂ ಅರೇ ಆಗಿರುವ ಎರಡು ಪಟ್ಟಿಗಳಿದ್ದರೆ, ಉದಾಹರಣೆಗೆ ಮೀನು ಒಂದು, ಖರ್ಚು ಇನ್ನೊಂದು, ಅವೆರಡನ್ನೂ ಒಂದೇ ಕ್ವೆರಿಯಲ್ಲಿ ಬಿಡಿಸಬೇಡಿ. ಐದು ಮೀನು, ನಾಲ್ಕು ಖರ್ಚು ಇದ್ದರೆ ಇಪ್ಪತ್ತು ಸಾಲು ಬರುತ್ತವೆ.

ಅಂಕಿ ಮತ್ತು ಹೆಸರು ತೊಳೆಯುವುದು

ಮೇಲಿನ ಉದಾಹರಣೆಯಲ್ಲಿ ಬೊಂಡಾಸ್‌ನ ತೂಕ "೩೫" ಅಂತ ಕನ್ನಡ ಅಂಕಿಯಲ್ಲಿದೆ, ಗಮನಿಸಿದಿರಾ? ನಮ್ಮೂರಲ್ಲಿ ಕನ್ನಡ ಕೀಬೋರ್ಡ್ ಬಳಸುವವರಿದ್ದಾರೆ, ಇದು ಬಂದೇ ಬರುತ್ತದೆ. ನ್ಯೂಮರಿಕ್‌ಗೆ ಕಾಸ್ಟ್ ಮಾಡಿದರೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಟ್ರಾನ್ಸ್‌ಲೇಟ್ ಫಂಕ್ಷನ್‌ಗೆ '೦೧೨೩೪೫೬೭೮೯' ಮತ್ತು '0123456789' ಕೊಡಿ, ಒಂದೊಂದು ಅಂಕಿಯನ್ನೂ ಅದರ ಜೊತೆಗಾರನಿಗೆ ಬದಲಿಸುತ್ತದೆ. "35 ಕೆಜಿ", "1,200" ಥರದ್ದಕ್ಕೆ ರೆಜ್‌ಎಕ್ಸ್‌ಪಿ_ರಿಪ್ಲೇಸ್ ಬಳಸಿ ಅಂಕಿ ಮತ್ತು ಚುಕ್ಕಿ ಬಿಟ್ಟು ಉಳಿದದ್ದು ತೆಗೆಯಿರಿ, ಖಾಲಿ ಉಳಿದರೆ ನಲ್‌ಇಫ್ ಹಾಕಿ ನಲ್ ಮಾಡಿ. ಕಾಸ್ಟ್ ಆಗುತ್ತದೋ ಇಲ್ಲವೋ ಮೊದಲೇ ನೋಡಲು 16ರಿಂದ ಪಿಜಿ_ಇನ್‌ಪುಟ್_ಈಸ್_ವ್ಯಾಲಿಡ್ ಇದೆ. ಒಪ್ಪದ ಸಾಲುಗಳನ್ನು ಸೊನ್ನೆ ಮಾಡಬೇಡಿ, ಬೇರೆ ಟೇಬಲ್‌ಗೆ ಹಾಕಿ ಬರೆದವರನ್ನೇ ಕೇಳಿ.

ದುಡ್ಡಿಗೆ ನ್ಯೂಮರಿಕ್, ಫ್ಲೋಟ್ ಬೇಡವೇ ಬೇಡ. ಕೆಲವರು ಕೆಜಿ ಬದಲು ಬಾಕ್ಸ್ ಲೆಕ್ಕ ಬರೆದಿರುತ್ತಾರೆ. ಒಂದು ಬಾಕ್ಸ್ ಅಂದರೆ ಇಷ್ಟೇ ಕೆಜಿ ಅಂತ ನೀವೇ ಊಹಿಸಿ ಗುಣಿಸುವುದು ತಪ್ಪು, 'ಪ್ರಮಾಣ' ಮತ್ತು 'ಅಳತೆ' ಅಂತ ಎರಡು ಕಾಲಮ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಇಡಿ.

ಹೆಸರಿನ ಕಥೆ ಇನ್ನೂ ಮಜಾ. 'ಬೊಂಡಾಸ್', 'ಕೊಡ್ಡಾಯಿ' ಎರಡರಲ್ಲೂ 'ಒ' ಕಾರ ಇದೆ. ಯೂನಿಕೋಡ್‌ನಲ್ಲಿ ಆ ಗುಣಿತವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ, ಗ್ರೂಪ್ ಬೈ ಹಾಕಿದರೆ ಎರಡು ಬೊಂಡಾಸ್ ಬರುತ್ತವೆ. ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಸ್ ಫಂಕ್ಷನ್ ಇದನ್ನು ಸರಿ ಮಾಡುತ್ತದೆ. ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆಗಳನ್ನು ಮಾತ್ರ ಅದು ತೆಗೆಯುವುದಿಲ್ಲ, ಅದಕ್ಕೆ ಬೇರೆಯಾಗಿ ರಿಪ್ಲೇಸ್ ಹಾಕಬೇಕು.

ಆಮೇಲೆ ಭಾಷೆ. ತುಳುವಿನವರು ಬೂತಾಯಿ ಅಂತ ಬರೆಯುತ್ತಾರೆ, ಕೊಂಕಣಿಯವರು ತಾರ್ಲೆ ಅಂತಾರೆ, ಎಕ್ಸ್‌ಪೋರ್ಟ್ ಕಡೆಯವರು ಸಾರ್ಡಿನ್ ಅಂತಾರೆ, ಮೀನು ಅದೇ. ಇದನ್ನು ಕ್ವೆರಿಯೊಳಗೆ ಉದ್ದದ ಕೇಸ್ ಮಾಡಿ ತುರುಕಬೇಡಿ. 'ಬರೆದ ಹೆಸರು', 'ಮೀನಿನ ಐಡಿ' ಅಂತ ಒಂದು ಚಿಕ್ಕ ಟೇಬಲ್ ಮಾಡಿ ಜಾಯಿನ್ ಮಾಡಿ. ಹೊಸ ಹೆಸರು ಬಂದಾಗ ಅದರಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು, ಅದನ್ನು ಮೀನು ಗೊತ್ತಿರುವವರೇ ಮಾಡಬಹುದು.

ತುಂಬಿಸಿ, ತಾಳೆ ನೋಡಿ

ಹೊಸ ಟೇಬಲ್‌ನಲ್ಲಿ ಸ್ಲಿಪ್ ಐಡಿ ಮತ್ತು ಕ್ರಮ ಎರಡೂ ಸೇರಿ ಯೂನಿಕ್ ಇರಲಿ. ಬರಿಗೈ ಟ್ರಿಪ್‌ನಲ್ಲಿ ಕ್ರಮ ನಲ್ ಆಗಿ ಬರುತ್ತದೆ, ಆ ಸಾಲುಗಳನ್ನು ಇಲ್ಲಿ ಬಿಡಿ, ಅವು ಸ್ಲಿಪ್ ಟೇಬಲ್‌ನಲ್ಲಿ ಹೇಗೂ ಇವೆ. ಇನ್ಸರ್ಟ್ ಜೊತೆ 'ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್' ಹಾಕಿದರೆ ಮಧ್ಯದಲ್ಲಿ ನಿಂತರೂ ಮತ್ತೆ ಓಡಿಸಬಹುದು. ಎಲ್ಲ ಒಂದು ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಕೆಲಸದ ಗುಂಪು) ಒಳಗೆ ಮಾಡಿ, ಕಮಿಟ್ ಮಾಡುವ (ಬದಲಾವಣೆ ಕಾಯಂ ಮಾಡುವ) ಮೊದಲು ಮೂಲದ ಅರೇಗಳ ಉದ್ದ ಕೂಡಿಸಿ (ಜೇಸನ್‌ಬಿ_ಅರೇ_ಲೆಂತ್), ಅದಕ್ಕೆ ನೀವು ಬರೆದಿಟ್ಟ ಆಬ್ಜೆಕ್ಟ್ ಸ್ಲಿಪ್‌ಗಳ ಸಂಖ್ಯೆ ಸೇರಿಸಿ. ಹೊಸ ಟೇಬಲ್‌ನ ಸಾಲುಗಳು ಮತ್ತು ಬೇರೆ ಇಟ್ಟ ಸಾಲುಗಳು ಸೇರಿ ಅಷ್ಟೇ ಆಗಬೇಕು. ಒಂದು ಕಮ್ಮಿ ಬಂದರೂ ರೋಲ್‌ಬ್ಯಾಕ್, ಮಾಡಿದ್ದೆಲ್ಲ ವಾಪಸ್.

ಕರಾವಳಿಯವರಿಗೆ ಇನ್ನೊಂದು ಸುಲಭದ ಪರೀಕ್ಷೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ಟ್ರಾಲ್ ಅಥವಾ ಪರ್ಸೀನ್ ಬೋಟಿನ ಸ್ಲಿಪ್ ಆ ದಿನಗಳಲ್ಲಿ ಕಂಡರೆ ಬಹುಶಃ ದಿನ ಮತ್ತು ತಿಂಗಳು ಅದಲು ಬದಲಾಗಿದೆ, 06/12 ಹೋಗಿ 12/06 ಆಗಿದೆ. ನಾಡದೋಣಿಗಳನ್ನು ಈ ಪರೀಕ್ಷೆಯಿಂದ ಹೊರಗಿಡಿ, ಅವು ಮಳೆಗಾಲದಲ್ಲೂ ಇಳಿಯುತ್ತವೆ.

ಅಡ್ಡ ಸಾಲು, ಮತ್ತೆ ಜೇಸನ್

ಲೆಕ್ಕದವರಿಗೆ ಮೀನುಗಳು ಕಾಲಮ್ ಆಗಿ, ತಿಂಗಳುಗಳು ಸಾಲಾಗಿ ಬೇಕು ಅಂದರೆ ಸಮ್ ಜೊತೆ ಫಿಲ್ಟರ್ ಹಾಕಿ ಪ್ರತಿ ಮೀನಿಗೂ ಒಂದೊಂದು ಕಾಲಮ್ ಬರೆಯಿರಿ, ಅದನ್ನು ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಮಾಡಿ. ಟೇಬಲನ್ನೇ ಆ ಆಕಾರದಲ್ಲಿ ಇಟ್ಟರೆ ಹೊಸ ಮೀನು ಬಂದಾಗಲೆಲ್ಲ ಕಾಲಮ್ ಸೇರಿಸುತ್ತಾ ಕೂರಬೇಕು. ಹಳೇ ಆ್ಯಪ್‌ಗೆ ಇನ್ನೂ ಜೇಸನ್ನೇ ಬೇಕಿದ್ದರೆ ಜೇಸನ್‌ಬಿ_ಬಿಲ್ಡ್_ಆಬ್ಜೆಕ್ಟ್‌ನಿಂದ ಒಂದೊಂದು ಮೀನು ಕಟ್ಟಿ, ಜೇಸನ್‌ಬಿ_ಆ್ಯಗ್‌ನಿಂದ ಸೇರಿಸಿ ಕೊಡಬಹುದು. ಆ್ಯಗ್ ಒಳಗೇ 'ಆರ್ಡರ್ ಬೈ ಕ್ರಮ' ಬರೆಯಿರಿ, ಇಲ್ಲದಿದ್ದರೆ ಕ್ರಮಕ್ಕೆ ಭರವಸೆ ಇಲ್ಲ.

ಎಲ್ಲವನ್ನೂ ಬಿಡಿಸಲೇಬೇಕು ಅಂತೇನಿಲ್ಲ. 'ಟಿಪ್ಪಣಿ', 'ಬಲೆ ರಿಪೇರಿ' ಥರ ಅಪರೂಪಕ್ಕೆ ನೋಡುವುದು ಜೇಸನ್‌ನಲ್ಲೇ ಇರಲಿ. ಒಂದೇ ಒಂದು ಕೀ ಮೇಲೆ ಪದೇ ಪದೇ ಹುಡುಕುವುದಾದರೆ ಜನರೇಟೆಡ್ ಕಾಲಮ್ (ಬೇರೆ ಕಾಲಮ್‌ನಿಂದ ಡೇಟಾಬೇಸೇ ಲೆಕ್ಕ ಹಾಕಿ ತುಂಬಿಸುವ ಕಾಲಮ್) ಸಾಕು, ಪೋಸ್ಟ್‌ಗ್ರೆಸ್ 12ರಿಂದ ಇದೆ. ಟೆಕ್ಸ್ಟನ್ನು ದಿನಾಂಕಕ್ಕೆ ಕಾಸ್ಟ್ ಮಾಡಿ ಜನರೇಟೆಡ್ ಕಾಲಮ್ ಮಾಡಲು ಹೋದರೆ ಮಾತ್ರ ಒಪ್ಪುವುದಿಲ್ಲ, ದಿನಾಂಕ ಓದುವ ಬಗೆ ಸೆಟ್ಟಿಂಗ್ ಮೇಲೆ ಬದಲಾಗುತ್ತದೆ ಅನ್ನುವ ಕಾರಣಕ್ಕೆ.

ಪೋಸ್ಟ್‌ಗ್ರೆಸ್ 17 ಇದ್ದವರಿಗೆ ಜೇಸನ್_ಟೇಬಲ್ ಕೂಡ ಸಿಗುತ್ತದೆ. ಬಿಡಿಸುವುದು, ಕಾಲಮ್ ಹೆಸರು, ಟೈಪ್ ಎಲ್ಲ ಒಂದೇ ಕಡೆ ಬರೆಯಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಇದು 8.0ರಿಂದಲೇ ಇದೆ, ಎಸ್‌ಕ್ಯೂಲೈಟ್‌ನಲ್ಲಿ ಆ ಕೆಲಸಕ್ಕೆ ಜೇಸನ್_ಈಚ್. ಮೈಎಸ್‌ಕ್ಯೂಎಲ್‌ನವರು ಒಂದು ನೆನಪಿಡಿ: ಅಲ್ಲಿ ಕ್ರಿಯೇಟ್ ಟೇಬಲ್, ಆಲ್ಟರ್ ಟೇಬಲ್ ಹೊಡೆದ ತಕ್ಷಣ ತಾನಾಗಿ ಕಮಿಟ್ ಆಗುತ್ತದೆ. ಆದ್ದರಿಂದ ಟೇಬಲ್ ಮಾಡುವುದನ್ನು ಮೊದಲೇ ಮುಗಿಸಿ, ಆಮೇಲೆ ಟ್ರಾನ್ಸಾಕ್ಷನ್ ಶುರು ಮಾಡಿ ಬರೀ ಇನ್ಸರ್ಟ್ ಓಡಿಸಿ.