ಸಂಡೂರಿನ ಗುಡ್ಡಗಳಲ್ಲಿ ಹಳ್ಳದ ಗುಂಟ ಒಂದು ಸುತ್ತು ನಡೆಯುವುದು ಹೇಗೆ

ಸಂಡೂರಿನ ಗುಡ್ಡಗಳಲ್ಲಿ ಹಳ್ಳದ ಗುಂಟ ನಡೆಯಲು ವರ್ಷದಲ್ಲಿ ಒಪ್ಪುವ ಕಾಲ ಹೆಚ್ಚೆಂದರೆ ಮೂರು ತಿಂಗಳು, ಆಗಸ್ಟ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಅದಕ್ಕೆ ಮೊದಲು ಹೋದರೆ ಹಳ್ಳದಲ್ಲಿ ಬರೀ ಕಲ್ಲು ಸಿಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಹೋದರೆ ಎಲೆ ಉದುರಿದ ಮರಗಳ ಕೆಳಗೆ ನೆರಳೇ ಇರುವುದಿಲ್ಲ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಿ ಎಂಬ ಮಾತು ಗಾಂಧೀಜಿಯವರ ಹೆಸರಿನಲ್ಲಿ ಇಂದಿಗೂ ಓಡಾಡುತ್ತಿದೆ. ಅದು ಯಾರ ಮಾತೇ ಆಗಿರಲಿ, ತಿಂಗಳ ಆಯ್ಕೆಯಲ್ಲಿ ತಪ್ಪಿಲ್ಲ.

ನೆಲದ ರಚನೆಯನ್ನು ತಿಳಿದುಕೊಂಡರೆ ದಾರಿಯ ಅರ್ಧ ಚಿಂತೆ ಕಳೆಯುತ್ತದೆ. ಇಲ್ಲಿ ಎರಡು ಗುಡ್ಡದ ಸಾಲುಗಳು ಹೆಚ್ಚುಕಡಿಮೆ ಒಂದಕ್ಕೊಂದು ಸಮನಾಗಿ ಸಾಗಿವೆ; ನಡುವಿನ ಕೊಳ್ಳದಲ್ಲಿ ಸಂಡೂರು ಪಟ್ಟಣವಿದೆ; ನಾರಿಹಳ್ಳವು ಪಶ್ಚಿಮದ ಸಾಲನ್ನು ಓಬಳಗಂಡಿಯಲ್ಲಿಯೂ ಪೂರ್ವದ ಸಾಲನ್ನು ಭೀಮಗಂಡಿಯಲ್ಲಿಯೂ ಸೀಳಿಕೊಂಡು ದರೋಜಿ ಕೆರೆಯ ಕಡೆಗೆ ಹರಿಯುತ್ತದೆ. ಗುಡ್ಡಗಳಿಂದ ಇಳಿದು ಬರುವ ಚಿಕ್ಕ ಹಳ್ಳಗಳು ನಾರಿಹಳ್ಳವನ್ನು ಸೇರುತ್ತವೆ. ಸುಲಭವಾದ ಸುತ್ತಿಗೆ ಆರಿಸಿಕೊಳ್ಳಬೇಕಾದದ್ದು ಇಂಥ ಚಿಕ್ಕ ಹಳ್ಳವೊಂದನ್ನು. ನಾರಿಹಳ್ಳವನ್ನೇ ಹಿಡಿದು ನಡೆಯುವ ಆಸೆ ಸಹಜವಾದರೂ, ಮಳೆಗಾಲದಲ್ಲಿ ಅದನ್ನು ಕಾಲ್ನಡಿಗೆಯಲ್ಲಿ ದಾಟುವ ಯೋಚನೆಯನ್ನು ಕೈಬಿಡುವುದೇ ಲೇಸು. ನಾರಿಹಳ್ಳಕ್ಕೆ ಕಟ್ಟಿರುವ ಅಣೆಕಟ್ಟೆಯ ಹಿನ್ನೀರಿನಲ್ಲಂತೂ ಇಳಿಯಲೇಬಾರದು.

ಹೊರಡುವ ಮುನ್ನ ವಲಯ ಅರಣ್ಯ ಕಚೇರಿಗೆ ಹೋಗಿ, ನಡೆಯಬೇಕೆಂದಿರುವ ಜಾಗ ಮೀಸಲು ಅರಣ್ಯಕ್ಕೆ ಸೇರಿದೆಯೇ ಎಂದು ವಿಚಾರಿಸಿ ಅನುಮತಿ ಪಡೆಯಬೇಕು. ಗಣಿ ಗುತ್ತಿಗೆಯ ಜಾಗಗಳೂ ಈ ಗುಡ್ಡಗಳಲ್ಲಿ ಕಾಡಿನ ಮಗ್ಗುಲಿಗೇ ಇರುವುದರಿಂದ, ಚೆಂದ ಕಂಡ ಕಾಲುದಾರಿಯೊಂದು ಕೊನೆಗೆ ಅದಿರು ಲಾರಿಗಳ ರಸ್ತೆಗೆ ತಂದು ನಿಲ್ಲಿಸುವುದುಂಟು. ಹತ್ತಿರದ ಊರಿನ ಕುರಿಗಾಹಿಯೊಬ್ಬರನ್ನು ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡರೆ ಇನ್ನೂ ಒಳ್ಳೆಯದು. ಯಾವ ಹಳ್ಳಕ್ಕೆ ಎರಡೂ ದಂಡೆಯಲ್ಲಿ ದನದ ದಾರಿಯಿದೆ ಎಂಬುದು ಫೋನಿನ ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಸುತ್ತಿನ ಲೆಕ್ಕ. ಒಂದು ದಂಡೆಯಲ್ಲಿ ಮೇಲಕ್ಕೆ ಹೋಗಿ, ಹಳ್ಳ ಕಿರಿದಾಗುವ ಕಡೆ ಒಮ್ಮೆ ಮಾತ್ರ ದಾಟಿ, ಆಚೆ ದಂಡೆಯಲ್ಲಿ ಕೆಳಗಿಳಿದು ಬರಬೇಕು. ಹೋಗುವಾಗ ಹಳ್ಳ ನಿಮ್ಮ ಎಡಗೈ ಕಡೆಗಿದ್ದರೆ, ದಾಟಿ ತಿರುಗಿದ ಮೇಲೂ ಅದು ಎಡಗೈ ಕಡೆಗೇ ಇರುತ್ತದೆ. ಬಲಗಡೆಗಿದ್ದರೆ ಕೊನೆಯವರೆಗೂ ಬಲಗಡೆಗೇ. ನೀರಿನ ಸದ್ದು ಕಿವಿ ಬದಲಿಸಿತೆಂದರೆ ನೀವು ಬೇರೆ ಸರುವಿಗೆ ಇಳಿದಿದ್ದೀರಿ ಎಂದೇ ತಿಳಿದು, ಮುಂದೆ ಹೋಗದೆ ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು. ಹಳ್ಳ ಉತ್ತರ ದಕ್ಷಿಣವಾಗಿ ಹರಿಯುತ್ತಿದ್ದರೆ ಪಶ್ಚಿಮದ ದಂಡೆಯಲ್ಲಿ ಹತ್ತಿ ಪೂರ್ವದ ದಂಡೆಯಲ್ಲಿ ಇಳಿಯುವುದು ಜಾಣತನ, ಏಕೆಂದರೆ ಪೂರ್ವದ ಗುಡ್ಡದ ನೆರಳು ಆ ದಂಡೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ, ಬಿಸಿಲೇರಿದ ಮೇಲೆ ಬೇಕಾಗುವುದು ಅದೇ ನೆರಳು. ಒಟ್ಟು ದಾರಿ 5 ಕಿ.ಮೀ. ಮೀರಬಾರದು. ಬಯಲಿನಲ್ಲಿ ಅದು ಒಂದೂವರೆ ಗಂಟೆಯ ನಡಿಗೆಯಾದರೂ ಇಲ್ಲಿ ಮೂರು ಗಂಟೆ ಇಟ್ಟುಕೊಳ್ಳಿ. ಒಂದೂವರೆ ಗಂಟೆಯಾದರೂ ದಾಟುವ ಜಾಗ ಸಿಗದಿದ್ದರೆ, ಸುತ್ತನ್ನು ಪೂರ್ತಿ ಮಾಡಲೇಬೇಕೆಂಬ ಹಟ ಬಿಟ್ಟು ಹಿಂದಿರುಗಿ.

ದಾಟುವುದೇ ಈ ನಡಿಗೆಯಲ್ಲಿ ಎಚ್ಚರ ಬೇಡುವ ಕೆಲಸ. ನೀರು ಮೊಣಕಾಲು ಮುಟ್ಟುವಂತಿದ್ದು ಸೆಳೆತವೂ ಇದ್ದರೆ ದಾಟಬಾರದು. ಕಡಿಮೆಯಿದ್ದರೂ ಕೋಲೂರಿ, ನೀರು ಬರುವ ಕಡೆಗೆ ಮುಖ ಮಾಡಿ, ಅಡ್ಡಡ್ಡ ಹೆಜ್ಜೆ ಇಡುತ್ತ ಹೋಗಬೇಕು. ಬೂಟು ಒದ್ದೆಯಾದೀತೆಂದು ಬಿಚ್ಚಿ ಬರಿಗಾಲಲ್ಲಿ ಇಳಿಯುವವರೇ ಹೆಚ್ಚಾಗಿ ಜಾರುತ್ತಾರೆ. ಇಲ್ಲಿಯ ಕಲ್ಲು ಕಬ್ಬಿಣದ ಅದಿರಿನ ಪದರಗಳಿಂದ ಕೂಡಿದ್ದು, ಒದ್ದೆಯಾದಾಗ ಅದರ ಮೇಲಿನ ಕೆಂಪು ರಾಡಿ ಎಣ್ಣೆಯಂತಿರುತ್ತದೆ. ಹಳ್ಳ ಸದ್ದು ಜೋರು ಮಾಡಿ, ತಿಳಿಯಾಗಿದ್ದ ನೀರು ನೋಡುನೋಡುತ್ತಲೇ ಕೆಂಪಗಾಗಿ ಎಲೆ ಕಡ್ಡಿ ತರತೊಡಗಿದರೆ, ನಿಮ್ಮ ತಲೆಯ ಮೇಲೆ ಒಂದು ಹನಿ ಬೀಳದಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಹೊಡೆದಿದೆ ಎಂದರ್ಥ. ಆಗ ನಿಂತ ದಂಡೆಯಲ್ಲೇ ಎತ್ತರಕ್ಕೆ ಹತ್ತಿ ಕಾಯಬೇಕು.

ಮರಗಳನ್ನು ಗುರುತಿಸುತ್ತ ನಡೆದರೆ ದಾರಿ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. ನೀರಿನ ಬದಿಗೆ ಹೊಂಗೆ, ನೇರಳೆ, ಅತ್ತಿ. ಏರಿನಲ್ಲಿ ದಿಂಡಿಗ, ಮುತ್ತುಗ, ಕಕ್ಕೆ. ಕಲ್ಲಿನ ನಡುವೆ ಸೀತಾಫಲದ ಗಿಡಗಳು. ಹಣ್ಣಾದ ಸೀತಾಫಲ ಕಂಡರೆ ನಿಮಗಿಂತ ಮೊದಲು ಕರಡಿಗೆ ಅದರ ಸುಳಿವು ಸಿಕ್ಕಿರಬಹುದೆಂದು ನೆನಪಿಡಿ. ಕರಡಿಗಳು ನಸುಕಿನಲ್ಲೂ ಸಂಜೆಗತ್ತಲಲ್ಲೂ ಹೆಚ್ಚಾಗಿ ಓಡಾಡುವುದರಿಂದ ಏಳೂವರೆಗೆ ಮೊದಲು ಹೊರಡುವುದೂ ನಾಲ್ಕರ ನಂತರ ಕಾಡಿನಲ್ಲಿ ಉಳಿಯುವುದೂ ಬೇಡ. ಪೊದೆ ದಟ್ಟವಾಗಿರುವ ತಿರುವುಗಳಲ್ಲಿ ಸದ್ದಿಲ್ಲದೆ ನುಗ್ಗುವುದಕ್ಕಿಂತ ಮಾತನಾಡುತ್ತ ಹೋಗುವುದು ಮೇಲು. ಕಡಿದಾದ ಬಂಡೆಗೋಡೆಯಲ್ಲಿ ಹೆಜ್ಜೇನಿನ ಹುಟ್ಟುಗಳಿದ್ದರೆ ಅದರ ಕೆಳಗೆ ನಿಲ್ಲಬೇಡಿ, ಬೀಡಿ ಸಿಗರೇಟು ಹಚ್ಚಲೇಬೇಡಿ. ತರಗೆಲೆಯ ಮೇಲೆ ಕಾಲಿಡುವ ಮುನ್ನ ಕೋಲಿನಿಂದ ತಟ್ಟಿದರೆ ಹಾವಿನ ಭಯ ಅಷ್ಟಕ್ಕೇ ಕಡಿಮೆಯಾಗುತ್ತದೆ.

ತಲೆಗೆ ಎರಡು ಲೀಟರ್ ನೀರು ಬೇಕು. ಹಳ್ಳದ ನೀರು ತಿಳಿಯಾಗಿ ಕಂಡರೂ ಕುಡಿಯಬಾರದು. ಬುತ್ತಿಗೆ ಜೋಳದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಸಾಕು, ಕೆಡುವುದಿಲ್ಲ, ಸೋರುವುದಿಲ್ಲ. ಹಲವು ತಿರುವುಗಳಲ್ಲಿ ಫೋನಿನ ಸಿಗ್ನಲ್ ಹೋಗಿಬಿಡುವುದರಿಂದ, ಯಾವ ಹಳ್ಳ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಹೇಳಿಯೇ ಹೊರಡಬೇಕು.

ಸಂಡೂರಿಗೆ ಹೊಸಪೇಟೆಯಿಂದ ಸುಮಾರು 30 ಕಿ.ಮೀ.; ಬಳ್ಳಾರಿಯಿಂದ 50 ಕಿ.ಮೀ.ಗೂ ಹೆಚ್ಚು. ಎರಡೂ ಕಡೆಯಿಂದ ಬಸ್ಸುಗಳಿವೆ. ಮಧ್ಯಾಹ್ನದೊಳಗೆ ನಡಿಗೆ ಮುಗಿದರೆ ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿಯನ್ನು ನೋಡಿ ಬರಬಹುದು. ಬಟ್ಟೆಗೆ ಅಂಟಿದ ಕೆಮ್ಮಣ್ಣನ್ನು ಮಾತ್ರ ಹಸಿಯಿರುವಾಗ ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಕೊಡವಿ, ಆಮೇಲೆ ಒಗೆಯಿರಿ.