ರಾತ್ರಿ ಕೊಳವೆಯಲ್ಲಿ ನಿಂತ ನೀರು

ಶುದ್ಧೀಕರಣ ಘಟಕದಿಂದ ಹೊರಟ ನೀರು ಹೊರಟ ಹಾಗೆಯೇ ನಮ್ಮ ನಲ್ಲಿಗೆ ಬಂದು ಬೀಳುತ್ತದೆ ಎಂದು ನಾನೂ ಬಹುಕಾಲ ನಂಬಿದ್ದೆ. ಆದರೆ ಕೊಳವೆಯೊಳಗೆ ಇರುವಷ್ಟು ಹೊತ್ತೂ ನೀರು ಬದಲಾಗುತ್ತಲೇ ಇರುತ್ತದೆ. ರೋಗಾಣುಗಳನ್ನು ತಡೆಯಲೆಂದು ಬೆರೆಸಿದ ಕ್ಲೋರಿನ್, ಕೊಳವೆಯ ತುಕ್ಕಿಗೂ ಒಳಮೈಗೆ ಅಂಟಿದ ಲೋಳೆಗೂ ಖರ್ಚಾಗುತ್ತ ದಾರಿಯುದ್ದಕ್ಕೂ ಕರಗುತ್ತ ಬರುತ್ತದೆ. ಮನೆ ಮುಟ್ಟುವ ಹೊತ್ತಿಗೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂನಷ್ಟಾದರೂ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ನೀರಿನಲ್ಲಿ ಕ್ಲೋರಿನ್ನಿನ ಸಣ್ಣ ವಾಸನೆ ಬಂದರೆ ಮೂಗು ಮುರಿಯಬೇಡಿ.

ರಾತ್ರಿಯಿಡೀ ನಿಂತ ನೀರಿನ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಹಳೆಯ ಮನೆಗಳ ಸೀಸದ ಕೊಳವೆ, ಸೀಸ ಬೆರೆತ ಬೆಸುಗೆ, ಕೆಲವು ಹಿತ್ತಾಳೆಯ ನಲ್ಲಿಗಳು, ಇವುಗಳಿಂದ ಸೀಸವು ನಿಂತ ನೀರಿಗೆ ನಿಧಾನವಾಗಿ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ; ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಸೀಸದ ಪ್ರಮಾಣ ಹೆಚ್ಚುತ್ತದೆ. ಬೆಳಿಗ್ಗೆ ನಲ್ಲಿ ತಿರುಗಿಸಿ ಬೆರಳು ಹಿಡಿದು ನೋಡಿದರೆ, ಮನೆಯೊಳಗಿನ ಕೊಳವೆಯಲ್ಲಿ ನಿಂತಿದ್ದ ನೀರು ಮುಗಿದು ನೆಲದಡಿಯ ನೀರು ಬಂದಾಗ ಸಾಮಾನ್ಯವಾಗಿ ತಣ್ಣನೆಯ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿಯವರೆಗಿನ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಇಟ್ಟುಕೊಳ್ಳಿ, ಚೆಲ್ಲುವ ಅಗತ್ಯವಿಲ್ಲ. ಬೇಗ ಕುದಿಯಲೆಂದು ಬಿಸಿನೀರಿನ ನಲ್ಲಿಯಿಂದ ಅಡುಗೆಗೆ ನೀರು ಹಿಡಿಯುವ ಅಭ್ಯಾಸವನ್ನು ಬಿಟ್ಟುಬಿಡಿ, ಏಕೆಂದರೆ ಬಿಸಿನೀರು ಲೋಹವನ್ನು ಇನ್ನೂ ಹೆಚ್ಚಾಗಿ ಕರಗಿಸಿಕೊಳ್ಳುತ್ತದೆ.

ನೀರು ಬಿಟ್ಟು ಬಿಟ್ಟು ಬರುವ ಕಡೆ ಅಪಾಯ ಬೇರೆ ಬಗೆಯದು. ಕೊಳವೆಯಲ್ಲಿ ಒತ್ತಡ ಇಳಿದಾಗ ಬಿರುಕುಗಳ ಮೂಲಕ ಸುತ್ತಲಿನ ಕೊಳಕು ಒಳಗೆ ಸೇರಿಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ರಭಸಕ್ಕೆ ತುಕ್ಕೂ ಕದಡಿ ಮೊದಲು ಅದೇ ಬರುತ್ತದೆ. ತಿಳಿಯಾದ ಮೇಲೆ ಹಿಡಿದು, ಕುದಿಸಿಯೇ ಕುಡಿಯಿರಿ. ನಲ್ಲಿಗೆ ಸಿಕ್ಕಿಸಿದ ಪೈಪಿನ ತುದಿಯನ್ನು ಬಟ್ಟೆ ನೆನೆಸಿದ ಬಕೆಟ್ಟಿನಲ್ಲಿ ಮುಳುಗಿಸಿ ಬಿಡುವುದೂ ಸರಿಯಲ್ಲ, ಒತ್ತಡ ಇಳಿದ ಗಳಿಗೆಯಲ್ಲಿ ಆ ಸಾಬೂನು ನೀರು ಹಿಂದಕ್ಕೆ ಎಳೆದುಕೊಂಡು ಕುಡಿಯುವ ನೀರಿಗೇ ಸೇರಬಹುದು.

ಲೋಟದಲ್ಲಿ ಹಾಲಿನಂತೆ ಬೆಳ್ಳಗೆ ಕಂಡ ನೀರು ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಬರೀ ಗಾಳಿ, ಹೆದರಬೇಕಿಲ್ಲ. ತಳದಲ್ಲಿ ಏನಾದರೂ ಕೂತರೆ ಮಾತ್ರ ನಲ್ಲಿಯ ಬಾಯಿಯಲ್ಲಿರುವ ಸಣ್ಣ ಜಾಲರಿಯನ್ನು ಬಿಚ್ಚಿ ಅಂಗೈ ಮೇಲೆ ತಟ್ಟಿ ನೋಡಿ. ನಮ್ಮ ಮನೆಯದರಲ್ಲಿ ಕೆಂಪು ತುಕ್ಕಿನ ಕಾಳುಗಳೂ ಬೆರಳಿಗೆ ಜಾರುವ ಲೋಳೆಯೂ ಸಿಕ್ಕಿದ್ದವು. ಅಂದಿನಿಂದ ತಿಂಗಳಿಗೊಮ್ಮೆ ಅದನ್ನು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು ಹಾಕುತ್ತೇನೆ.