ಫೈರ್‌ಪ್ಲೇಸ್ ಬಾಯಿ ಹಿಗ್ಗಿಸುವ ಮುನ್ನ ಚಿಮಣಿ ಅಳೆಯಿರಿ

ಮನೆ ರಿಪೇರಿ ಶುರುವಾಯಿತೆಂದರೆ ಹಳೆಯ ಫೈರ್‌ಪ್ಲೇಸ್ ಮೇಲೆ ಕಣ್ಣು ಬೀಳುತ್ತದೆ. ‘ಬಾಯಿ ಸ್ವಲ್ಪ ದೊಡ್ಡದಾದರೆ ಚೆಂದ ಅಲ್ವಾ’ ಎಂದು ಸುತ್ತಿಗೆ ಎತ್ತಿಬಿಡುತ್ತಾರೆ. ಹೀಗೆ ಅವಸರ ಮಾಡಿದ ಮೂರು ಮನೆಗಳನ್ನು ನೋಡಿದ್ದೇನೆ. ಎರಡರಲ್ಲಿ ಬೆಂಕಿ ಹಚ್ಚಿದ ಕೂಡಲೇ ಹೊಗೆಯೆಲ್ಲ ಕೋಣೆಗೆ ಬರುತ್ತದೆ. ಇನ್ನೊಂದರಲ್ಲಿ ಬಾಯಿಯ ಮೂಲೆಯಿಂದ ಸೂರಿನವರೆಗೆ ಗೋಡೆ ಬಿರಿದಿದೆ.

ಮೊದಲು ಲೆಕ್ಕ

ಚಿಮಣಿ ಗುಡಿಸಿ, ನೆಲಕ್ಕೆ ಟಾರ್ಪಾಲು ಹಾಸಿ, ಹೊಗೆ ಕೊಳವೆಯ ಒಳ ಅಳತೆ ತೆಗೆದುಕೊಳ್ಳಿ. ಚೌಕ ಕೊಳವೆಯ ವಿಸ್ತೀರ್ಣ ಬಾಯಿಯ ವಿಸ್ತೀರ್ಣದ 10ರಲ್ಲಿ ಒಂದು ಪಾಲಾದರೂ ಇರಬೇಕು. ದುಂಡಗಿನ ಕೊಳವೆಗೆ 12ರಲ್ಲಿ ಒಂದು ಸಾಕು. ಉದಾಹರಣೆಗೆ, ಕೊಳವೆ 25 ಸೆಂ.ಮೀ. ಚೌಕ. ಅಂದರೆ 625 ಚದರ ಸೆಂ.ಮೀ. ಬಾಯಿ 6,250 ದಾಟುವಂತಿಲ್ಲ. ಅಗಲ 90 ಬೇಕಾದರೆ ಎತ್ತರ 69ಕ್ಕೇ ನಿಲ್ಲಬೇಕು. ಚಿಮಣಿ ಗಿಡ್ಡವಿದ್ದರೆ ಇನ್ನೂ ಕಡಿಮೆ ಮಾಡಿ.

ಬಾಯಿ ಚಿಕ್ಕದು ಮಾಡುವುದಾದರೆ ತಲೆನೋವಿಲ್ಲ. ಒಳಗೆ ಇನ್ನೊಂದು ಸಾಲು ಫೈರ್ ಬ್ರಿಕ್ (ಬೆಂಕಿಯ ಕಾವು ತಡೆಯುವ ಇಟ್ಟಿಗೆ) ಕಟ್ಟಿದರಾಯಿತು.

ಲಿಂಟಲ್: ಇಲ್ಲಿ ಅವಸರ ಬೇಡ

ಬಾಯಿಯ ಮೇಲೆ ಅಡ್ಡ ಕೂತ ಲಿಂಟಲ್ ಮೇಲಿನ ಇಟ್ಟಿಗೆಗಳ ಭಾರ ಹೊತ್ತಿರುತ್ತದೆ. ಕೆಲವು ಹಳೆಯ ಮನೆಗಳಲ್ಲಿ ಅದರ ಬದಲು ಇಟ್ಟಿಗೆ ಕಮಾನು ಇರುತ್ತದೆ, ಗಾರೆ ಅದನ್ನು ಮುಚ್ಚಿರುತ್ತದೆ. ಗಾರೆ ಕೆತ್ತಿ, ಏನಿದೆ ಅಂತ ಕಣ್ಣಾರೆ ನೋಡಿ. ಅಗಲ ಹೆಚ್ಚಿದರೆ ಉದ್ದನೆಯ ಹೊಸ ಲಿಂಟಲ್ ಬೇಕು. ಅದರ ಗಾತ್ರವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಕೈಲೇ ಹೇಳಿಸಿ. ಎಲ್ಲಿ ಉಳಿಸಿದರೂ ಈ ಖರ್ಚು ಮಾತ್ರ ಉಳಿಸಬೇಡಿ. ಮೂಲೆಯಲ್ಲಿ ಬಿದ್ದಿದ್ದ ಯಾವುದೋ ಕಬ್ಬಿಣದ ಪಟ್ಟಿ ಸಾಕು ಅನ್ನುವ ಕೆಲಸದವರನ್ನು ವಾಪಸ್ ಕಳಿಸಿ.

ಹಳೆಯದನ್ನು ಮುಟ್ಟುವ ಮೊದಲು ಆಸರೆ ಕೊಡಿ. ಲಿಂಟಲ್‌ಗಿಂತ ಮೇಲಿನ ಸಂದಿನ ಗಾರೆ ಕೆರೆದು, ಆಸರೆಯ ಚಪ್ಪಟೆ ತಟ್ಟೆ ತೂರಿಸಿ, ಅದರಡಿ ಸ್ಟೀಲ್ ಜಾಕ್ ನಿಲ್ಲಿಸಿ. ಜಾಕ್ ಕೆಳಗೆ ದಪ್ಪ ಹಲಗೆ ಇರಲಿ. ಬಿಗಿ ಹಿಡಿಯುವಷ್ಟೇ ತಿರುಗಿಸಿ. ಜಾಸ್ತಿಯಾದರೆ ಗೋಡೆಯೇ ಮೇಲೆದ್ದು ಸಂದು ಬಿಡುತ್ತದೆ. ನಾನು ಸಂದುಗಳ ಮೇಲೆ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆಸುತ್ತೇನೆ. ಗೆರೆ ಕೂದಲೆಳೆಯಷ್ಟು ತಪ್ಪಿದರೂ ಗೋಡೆ ಅಲುಗಿದೆ ಅಂತ ಗೊತ್ತಾಗುತ್ತದೆ. ಸಂದಿನಿಂದ ಸಣ್ಣಗೆ ಪುಡಿ ಉದುರತೊಡಗಿದರೆ ಉಳಿ ಕೆಳಗಿಟ್ಟು ಇನ್ನೊಂದು ಜಾಕ್ ಕೊಡಿ.

ಇಟ್ಟಿಗೆಗಳನ್ನು ಉಳಿಯಿಂದಲೇ ಒಂದೊಂದಾಗಿ ಬಿಡಿಸಿ. ಗಡಗಡ ಅನ್ನುವ ಬ್ರೇಕರ್ ಮೆಷಿನ್ ಬೇಗ ಮುಗಿಸುತ್ತದೆ ನಿಜ, ಆದರೆ ಆ ನಡುಕಕ್ಕೆ ಮೇಲಿನ ಕೊಳವೆಯ ಒಳಪದರ ಸೀಳುತ್ತದೆ. ಸೀಳಿದ್ದು ಕೆಳಗೆ ನಿಂತವರಿಗೆ ಕಾಣುವುದೂ ಇಲ್ಲ.

ಹೊಸ ಲಿಂಟಲ್ ಎರಡೂ ಕಡೆ ಗೋಡೆಯ ಮೇಲೆ 15 ಸೆಂ.ಮೀ. ಕೂರಲಿ. ರಸಮಟ್ಟ ಇಟ್ಟು ನೋಡಿ. ಸ್ಟೀಲ್ ಆದರೆ ತುದಿಗಳಲ್ಲಿ ಸಣ್ಣ ಸಂದು ಬಿಡಿ, ಗಾರೆ ತುಂಬಬೇಡಿ. ಬಿಸಿ 100 ಡಿಗ್ರಿ ಏರಿದರೆ ಒಂದು ಮೀಟರ್ ಸ್ಟೀಲ್ ಒಂದು ಮಿ.ಮೀ.ಗಿಂತ ಜಾಸ್ತಿ ಹಿಗ್ಗುತ್ತದೆ. ಜಾಗ ಸಿಗದಿದ್ದರೆ ಗೋಡೆಯನ್ನೇ ತಳ್ಳುತ್ತದೆ. ಲಿಂಟಲ್ ಮತ್ತು ಮೇಲಿನ ಇಟ್ಟಿಗೆಯ ನಡುವೆ ಒಣಗಾರೆಯನ್ನು (ತೀರಾ ಕಡಿಮೆ ನೀರಿನಲ್ಲಿ ಕಲಸಿದ ಗಾರೆ) ಗಟ್ಟಿಯಾಗಿ ತುರುಕಿ. ಒಂದು ವಾರ ಜಾಕ್ ಮುಟ್ಟಬೇಡಿ. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸಿ.

ಮುಗಿಸುವ ಕೆಲಸ

ಒಳಗೋಡೆಗೆ ಫೈರ್ ಬ್ರಿಕ್, ಅದಕ್ಕೆ ಬೆಂಕಿ ತಡೆಯುವ ಗಾರೆ. ಮಾಮೂಲಿ ಸಿಮೆಂಟ್ ಕಾವಿಗೆ ಉದುರುತ್ತದೆ. ‘ಹೀಟ್ ಪ್ರೂಫ್’ ಅಂತ ಟ್ಯೂಬಿನಲ್ಲಿ ಬರುವ ಸಿಲಿಕೋನನ್ನು ಒಳಗೆ ಹಚ್ಚಲೇಬೇಡಿ. ಅದು ಸುಮಾರು 300 ಡಿಗ್ರಿವರೆಗೆ ತಡೆಯಬಹುದು, ಬೆಂಕಿಯ ಕಾವು ಅದನ್ನು ಎಲ್ಲೋ ದಾಟಿರುತ್ತದೆ. ಹೊರಗೆ ಜಿಪ್ಸಂ ಬೇಡ, ಸುಣ್ಣದ ಗಾರೆಯೇ ಒಳ್ಳೆಯದು.

ಬಾಯಿ ಹಿಗ್ಗಿದ ಮೇಲೆ ಮುಂದಿನ ಕಲ್ಲುಹಾಸೂ ಹಿಗ್ಗಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. 6 ಚದರ ಅಡಿಗಿಂತ ಚಿಕ್ಕ ಬಾಯಿಗೆ ಮುಂದೆ 40, ಪಕ್ಕಗಳಲ್ಲಿ 20 ಸೆಂ.ಮೀ. ಹಾಸು ಇದ್ದರೆ ನಡೆಯುತ್ತದೆ. ಮೇಲೆ ಹೇಳಿದ 90 x 69 ಬಾಯಿ ಆ ಮಿತಿ ದಾಟುತ್ತದೆ, ಹಾಗಾಗಿ 50 ಮತ್ತು 30 ಬೇಕು. ಮರದ ಚೌಕಟ್ಟು ಬಾಯಿಯಿಂದ ಕನಿಷ್ಠ 15 ಸೆಂ.ಮೀ. ದೂರವಿರಲಿ.

ಗಾರೆ ಕೆಲವು ವಾರ ಒಣಗಲಿ. ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿ. ಮೊದಲ ನಾಲ್ಕೈದು ಸಲ ಒಂದು ಹಿಡಿ ಕಡ್ಡಿಯ ಪುಟ್ಟ ಬೆಂಕಿ ಮಾತ್ರ. ಆಗಲೂ ಹೊಗೆ ಹೊರಬಂದರೆ ಬಾಯಿಯ ಮೇಲಂಚಿಗೆ ತಗಡು ಹಿಡಿದು ಕೆಳಕ್ಕೆ ಇಳಿಸುತ್ತ ಹೋಗಿ. ಹೊಗೆ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಗುರುತು ಹಾಕಿ, ಅಷ್ಟು ಎತ್ತರವನ್ನು ಮುಚ್ಚಿಸಿ.